ಭುಜದ ಆಪರೇಷನ್: ಎಲ್ಲಿ ಎಷ್ಟು, ಯಾಕಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

2023ರಲ್ಲಿ ಅಮ್ಮನ ಬಲಭುಜದ ಆಪರೇಷನ್ ಆಯಿತು. ಅದಕ್ಕೂ ಮುಂಚೆ ಆರು ತಿಂಗಳಿಂದ ಅವರಿಗೆ ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅಟ್ಟದ ಡಬ್ಬಿ ಹಾಗಿರಲಿ, ಒಲೆ ಪಕ್ಕದ ಉಪ್ಪಿನ ಡಬ್ಬಿ ತೆಗೆಯುವುದಕ್ಕೂ ಎಡಗೈ. ಬೆಂಗಳೂರಿನಲ್ಲೇ ಮೂರು ಆಸ್ಪತ್ರೆ ಸುತ್ತಿ ಮೂರು ಎಸ್ಟಿಮೇಟ್ ಬರೆಸಿಕೊಂಡೆ. ಆ ಹಾಳೆಗಳು ಈಗಲೂ ಒಂದು ಪ್ಲಾಸ್ಟಿಕ್ ಕವರಿನಲ್ಲಿವೆ. ವಿಷಯ ನೆಂಟರಿಷ್ಟರಲ್ಲಿ ಹರಡಿದ ಮೇಲೆ ಮದುವೆ ಮನೆಯ ಪಂಕ್ತಿಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ ಕೂಡ ಜನ ಕೇಳುತ್ತಲೇ ಇದ್ದಾರೆ. ನಾನು ಡಾಕ್ಟರಲ್ಲ, ಬ್ಯಾಂಕಿನಲ್ಲಿ ಲೆಕ್ಕ ನೋಡುವವಳು. ಹಾಗಾಗಿ ಇಲ್ಲಿರುವುದು ಹೆಚ್ಚಾಗಿ ದುಡ್ಡಿನ ಮಾತು. ನನ್ನ ಅಂಕಿಗಳು 2023ರವು. ಈಗ ಅದಕ್ಕಿಂತ ಜಾಸ್ತಿಯೇ ಇರುತ್ತವೆ, ಆದರೆ ಲೆಕ್ಕ ಹಾಕುವ ರೀತಿ ಅದೇ.

## ಶುರುವಿನಲ್ಲಿ ಕೇಳುವವು

ಅಕ್ಕಾ, ಭುಜದ ಆಪರೇಷನ್‌ಗೆ ಎಷ್ಟಾಗುತ್ತೆ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಹೇಳಿದರೆ ಅದು ಸುಳ್ಳಾಗುತ್ತದೆ. ಭುಜದ ಆಪರೇಷನ್ ಅಂತ ಒಂದೇ ಆಪರೇಷನ್ ಇಲ್ಲ. ತೋಳು ಎತ್ತುವ ಸ್ನಾಯುಗಳ ತುದಿ ಮೂಳೆಯಿಂದ ಕಿತ್ತು ಬಂದಿದ್ದರೆ ರೊಟೇಟರ್ ಕಫ್ ರಿಪೇರಿ (ಆ ಸ್ನಾಯುಗಳ ಗುಂಪಿಗೇ ಕಫ್ ಅನ್ನುವುದು). ಕೀಲು ಪದೇ ಪದೇ ಜಾರುತ್ತಿದ್ದರೆ ಬ್ಯಾಂಕಾರ್ಟ್ ರಿಪೇರಿ. ಅಂಚಿನ ಮೂಳೆಯೂ ಸವೆದಿದ್ದರೆ ಲಾಟರ್ಜೆ. ಬಿದ್ದು ಮೂಳೆ ಮುರಿದಿದ್ದರೆ ಪ್ಲೇಟು, ಸ್ಕ್ರೂ. ಕೀಲೇ ಸವೆದು ಹೋಗಿದ್ದರೆ ಕೀಲು ಬದಲಾವಣೆ. ಕಫ್ ರಿಪೇರಿಗೂ ಕೀಲು ಬದಲಾವಣೆಗೂ ಖರ್ಚಿನಲ್ಲಿ ಅಜಗಜಾಂತರ.

ಹಾಗಾಗಿ ಮೊದಲು ಡಾಕ್ಟರ ಹತ್ತಿರ ಆಪರೇಷನ್ನಿನ ಪೂರ್ತಿ ಹೆಸರು ಚೀಟಿಯಲ್ಲಿ ಬಿಡಿಸಿ ಬರೆಸಿಕೊಳ್ಳಿ. ಯಾವ ಭುಜ, ಕೀಹೋಲಾ (ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವುದು) ಅಥವಾ ತೆರೆದು ಮಾಡುವುದಾ, ಅಂದಾಜು ಎಷ್ಟು ಆಂಕರ್ (ಸ್ನಾಯುವನ್ನು ಮೂಳೆಗೆ ಹೊಲಿಯಲು ಕೂರಿಸುವ ಮೊಳೆ), ಎಷ್ಟು ರಾತ್ರಿ ಆಸ್ಪತ್ರೆ ವಾಸ ಅನ್ನುವುದೂ ಅದರಲ್ಲಿರಲಿ. ಎರಡನೇ, ಮೂರನೇ ಆಸ್ಪತ್ರೆಗೆ ಇದೇ ಚೀಟಿ ಹಿಡಿದು ಹೋಗಿ. ಚೀಟಿಯಿಲ್ಲದೆ ಕೇಳಿದರೆ ಮೂರು ಕಡೆ ಮೂರು ಬೇರೆ ಬೇರೆ ಆಪರೇಷನ್ನಿನ ರೇಟು ಹೇಳುತ್ತಾರೆ.

ಆಪರೇಷನ್ ಮಾಡಿಸಲೇಬೇಕಾ? ತೈಲ, ವ್ಯಾಯಾಮದಲ್ಲಿ ಹೋಗಲ್ವಾ?

ಕೆಲವು ಹೋಗುತ್ತವೆ. ಸಕ್ಕರೆ ಕಾಯಿಲೆಯವರಿಗೆ ಜಾಸ್ತಿ ಬರುವ ಫ್ರೋಜನ್ ಶೋಲ್ಡರ್, ಅಂದರೆ ಭುಜ ಬಿಗಿದುಕೊಳ್ಳುವುದು, ಬಹುಪಾಲು ಜನರಲ್ಲಿ ನಿಧಾನವಾಗಿ ತಾನೇ ಸಡಿಲವಾಗುತ್ತದೆ. ಅದಕ್ಕೆ ಒಂದರಿಂದ ಮೂರು ವರ್ಷ ಹಿಡಿಯಬಹುದು. ನೋವಿಗೆ ಇಂಜೆಕ್ಷನ್ ಮತ್ತು ವ್ಯಾಯಾಮ ಅಷ್ಟೇ. ವಯಸ್ಸಿನಿಂದ ಸವೆದು ಸ್ವಲ್ಪವೇ ಹರಿದ ಕಫ್‌ಗೂ ಒಳ್ಳೆಯ ಡಾಕ್ಟರುಗಳು ಮೊದಲು ಮೂರು ತಿಂಗಳು ಫಿಸಿಯೋಥೆರಪಿ ಮಾಡಿಸಿ ನೋಡುತ್ತಾರೆ.

ಆದರೆ ಸ್ಕೂಟರಿನಿಂದ ಬಿದ್ದು, ಆವತ್ತಿನಿಂದಲೇ ಕೈ ಮೇಲೆತ್ತಲು ಆಗುತ್ತಿಲ್ಲ ಅಂದರೆ ಕಾಯಬಾರದು. ಕಿತ್ತುಹೋದ ಸ್ನಾಯು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಕುಗ್ಗಿ, ಕೊಬ್ಬು ತುಂಬಿಕೊಳ್ಳುತ್ತದೆ. ಆಮೇಲೆ ಎಳೆದು ಹೊಲಿಯುವುದು ಕಷ್ಟ. ರಿಪೇರಿಯಲ್ಲಿ ಮುಗಿಯಬೇಕಾದದ್ದು ಕೀಲು ಬದಲಾವಣೆಗೆ ಹೋಗಿ ನಿಲ್ಲಬಹುದು. ಇದು ಬರೀ ಆರೋಗ್ಯದ ಲೆಕ್ಕ ಅಲ್ಲ, ದುಡ್ಡಿನ ಲೆಕ್ಕವೂ ಹೌದು.

ಪುತ್ತೂರು ಕಟ್ಟು ಕಟ್ಟಿಸಿದರೆ ಸಾಲದಾ? ಅದು ಅಗ್ಗ ಅಲ್ವಾ?

ಇದು ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ಬೋರ್ಡು ಮಾತ್ರ ನಮ್ಮ ಪ್ರತಿ ಊರಿನಲ್ಲೂ ಇದೆ. ಮೂಳೆ ಸರಿಯಾದ ಜಾಗದಲ್ಲೇ ಇದ್ದು ಸಣ್ಣ ಬಿರುಕು ಬಿಟ್ಟಿದ್ದರೆ ಯಾವ ಕಟ್ಟು ಕಟ್ಟಿದರೂ ಕೂಡುತ್ತದೆ, ಹೆಸರು ಕಟ್ಟಿದವರಿಗೆ ಹೋಗುತ್ತದೆ. ಕಫ್ ಹರಿದಿದ್ದರೆ ಅದು ಮೂಳೆಯ ತೊಂದರೆಯೇ ಅಲ್ಲ, ಕಟ್ಟಿನಿಂದ ಅಂಟುವುದಿಲ್ಲ. ಜಾರಿದ ಭುಜವನ್ನು ಎಕ್ಸ್‌ರೇ ಇಲ್ಲದೆ ಎಳೆದು ಕೂರಿಸಲು ಹೋಗಿ ನರಕ್ಕೆ ಪೆಟ್ಟಾದರೆ ಆಮೇಲಿನ ಖರ್ಚೇ ಬೇರೆ. ಅಲ್ಲಿಗೆ ಹೋಗುವುದಿದ್ದರೂ ಎಕ್ಸ್‌ರೇ ತೆಗೆಸಿ, ಮೂಳೆ ಡಾಕ್ಟರಿಗೆ ತೋರಿಸಿ ಹೋಗಿ.

ಎಂಆರ್‌ಐ ಹೊರಗೆ ಮಾಡಿಸಿದರೆ ಆಸ್ಪತ್ರೆಯವರು ಒಪ್ಪುತ್ತಾರಾ?

ಒಪ್ಪುತ್ತಾರೆ, ಫಿಲ್ಮು ಮತ್ತು ಸಿಡಿ ಎರಡೂ ಇದ್ದರೆ. ಬರೀ ರಿಪೋರ್ಟ್ ಹಾಳೆ ಸಾಲದು, ಸರ್ಜನ್ ಚಿತ್ರವನ್ನು ತಾವೇ ನೋಡಬೇಕು. ನಮಗೆ ದೊಡ್ಡ ಆಸ್ಪತ್ರೆಯ ಒಳಗೆ 9,000 ಹೇಳಿದ್ದರು. ಎರಡು ಬೀದಿ ಆಚೆಯ ಸ್ಕ್ಯಾನ್ ಸೆಂಟರಿನಲ್ಲಿ 6,500ಕ್ಕೆ ಆಯಿತು. ಅದೇ ಸಿಡಿ ಮೂರೂ ಕಡೆ ನಡೆಯಿತು. ಒಮ್ಮೆ ಮಾಡಿಸಿದ್ದನ್ನು ಮತ್ತೆ ಮಾಡಿಸಿ ಅಂದರೆ ಯಾಕೆ ಅಂತ ಕೇಳಿ. ತುಂಬಾ ಹಳೆಯದಾಗಿದ್ದರೆ ಅಥವಾ ಮಧ್ಯೆ ಮತ್ತೆ ಬಿದ್ದಿದ್ದರೆ ಕಾರಣ ಸರಿ ಇದೆ.

## ಎಸ್ಟಿಮೇಟ್ ಕೈಗೆ ಬಂದಾಗ

ಅಡ್ಮಿಟ್ ಆಗದೆ ಎಸ್ಟಿಮೇಟ್ ಕೊಡಲ್ಲ ಅಂತಾರೆ. ಕೇಳೋಕೆ ನಮಗೆ ಹಕ್ಕಿದೆಯಾ?

ಇದೆ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು, 2017ರಲ್ಲಿ ತಿದ್ದುಪಡಿಯಾಯಿತು. ಖಾಸಗಿ ಆಸ್ಪತ್ರೆಗಳು ದರಗಳನ್ನು ಜನರಿಗೆ ಕಾಣುವ ಹಾಗೆ ಹಾಕಬೇಕು ಅಂತ ಅದರಲ್ಲಿದೆ. ರೋಗಿಗಳ ಹಕ್ಕುಗಳ ಪಟ್ಟಿಯೂ ಇದೆ. ಆದರೆ ಕೌಂಟರಿನಲ್ಲಿ ಕಾನೂನು ಮಾತಾಡಿದರೆ ಕೆಲಸ ಆಗುವುದಿಲ್ಲ ಅನ್ನುವುದು ನನ್ನ ಅನುಭವ. ಓಪಿಡಿಯಲ್ಲಿ ಡಾಕ್ಟರನ್ನು ಕಂಡು, ಅವರ ಚೀಟಿ ಹಿಡಿದು ಬಿಲ್ಲಿಂಗ್ ವಿಭಾಗಕ್ಕೆ ಹೋಗಿ "ಇನ್ಶೂರೆನ್ಸ್‌ಗೆ ಬೇಕು, ಐಟಂ ಐಟಂ ಆಗಿ ಬರೆದು ಕೊಡಿ" ಅಂದರೆ ಸಾಮಾನ್ಯವಾಗಿ ಕೊಡುತ್ತಾರೆ. ಬೆಳಗಿನ ಗಲಾಟೆಯಲ್ಲಿ ಬೇಡ, ಮಧ್ಯಾಹ್ನ ಮೂರರ ಮೇಲೆ ಹೋಗಿ. ಸೀಲು, ತಾರೀಖು ಇರಲಿ.

ಒಂದು ಕಡೆ 1.6 ಲಕ್ಷ, ಇನ್ನೊಂದು ಕಡೆ 2.65 ಲಕ್ಷ. ಒಂದೇ ಆಪರೇಷನ್‌ಗೆ ಇಷ್ಟು ವ್ಯತ್ಯಾಸ ಹೇಗೆ?

ಇದೇ ನನಗೂ ಆಗಿದ್ದು. ಪ್ಲಾಸ್ಟಿಕ್ ಕವರಿನಿಂದ ಹಾಳೆಗಳನ್ನು ತೆಗೆದು ಹೇಳುತ್ತೇನೆ. ಮೂರೂ ಕಡೆ ಆಪರೇಷನ್ ಒಂದೇ: ಬಲಭುಜ, ಕೀಹೋಲ್ ಕಫ್ ರಿಪೇರಿ, ಮೂರು ಆಂಕರ್, ಎರಡು ರಾತ್ರಿ.

ಮೊದಲನೆಯದು ದೊಡ್ಡ ಕಾರ್ಪೊರೇಟ್ ಆಸ್ಪತ್ರೆ. 2,65,000, ಪ್ಯಾಕೇಜ್. ಇಬ್ಬರ ರೂಮು, ಆಪರೇಷನ್‌ಗೆ ಮುಂಚಿನ ರಕ್ತ ಪರೀಕ್ಷೆ, ಇಸಿಜಿ, ಅರಿವಳಿಕೆ, ಔಷಧಿ, ಮೂರು ಆಂಕರ್ ಎಲ್ಲಾ ಒಳಗೆ. ನಾಲ್ಕನೇ ಆಂಕರ್ ಬೇಕಾದರೆ 28,000 ಬೇರೆ.

ಎರಡನೆಯದು ನಮ್ಮ ಬಡಾವಣೆಯ ನರ್ಸಿಂಗ್ ಹೋಂ. ಟೈಪ್ ಮಾಡಿದ ಹಾಳೆಯಲ್ಲಿ 1,60,000. ನೋಡಿದ ಕೂಡಲೇ ಮನಸ್ಸು ಹಗುರವಾಯಿತು. ಮನೆಗೆ ಬಂದು ಊಟದ ಟೇಬಲ್ ಮೇಲೆ ಬಿಡಿಸಿದಾಗ ಕೊನೆಯಲ್ಲಿ ನೀಲಿ ಪೆನ್ನಿನಲ್ಲಿ ಒಂದು ಸಾಲು ಕಂಡಿತು: ಇಂಪ್ಲಾಂಟ್ ಮತ್ತು ಡಿಸ್ಪೋಸಬಲ್ ಪ್ರತ್ಯೇಕ. ಮರುದಿನ ಹೋಗಿ ಕೇಳಿದೆ. ಆಂಕರ್ ಒಂದಕ್ಕೆ 22,000, ಮೂರಕ್ಕೆ 66,000. ಒಳಗೆ ಕೆರೆಯುವ ಬ್ಲೇಡು, ಸುಡುವ ಕಡ್ಡಿ, ನೀರಿನ ಟ್ಯೂಬು ಸೇರಿ 18,000. ರಕ್ತ ಪರೀಕ್ಷೆ, ಫಿಟ್ನೆಸ್ 6,000. ಕೂಡಿದರೆ 2,50,000. ಮೊದಲು 1,05,000 ಅಂತರ ಕಂಡಿದ್ದು ಈಗ 15,000ಕ್ಕೆ ಇಳಿಯಿತು!

ಮೂರನೆಯದು ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆ, ಜನರಲ್ ವಾರ್ಡ್. 62,000 ಆಸ್ಪತ್ರೆಗೆ. ಆಂಕರ್ ಬೇರೆ ಕಂಪನಿಯದು, 18,000ದಂತೆ ಮೂರಕ್ಕೆ 54,000. ಡಿಸ್ಪೋಸಬಲ್ 14,000, ಪರೀಕ್ಷೆ 3,000. ಒಟ್ಟು 1,33,000. ಆದರೆ ಐದು ವಾರ ಕಾಯಬೇಕು, ಎಂಟು ಹಾಸಿಗೆಯ ವಾರ್ಡು, ಫ್ಯಾನಿನ ಕೆಳಗಿನ ಹಾಸಿಗೆ ಸಿಗುವುದು ಅದೃಷ್ಟ. ಅಮ್ಮನದು ಮೆಲ್ಲಗೆ ಸವೆದು ಹರಿದ ಕಫ್ ಆದ್ದರಿಂದ ಐದು ವಾರದಲ್ಲಿ ಏನೂ ಆಗುವುದಿಲ್ಲ ಅಂತ ಡಾಕ್ಟರೇ ಹೇಳಿದರು. ನಾವು ಅಲ್ಲೇ ಮಾಡಿಸಿದೆವು.

ಹಾಳೆಯ ಕೆಳಗಿನ ಮೊತ್ತ ನೋಡಬೇಡಿ. ಒಂದು ಕಾಗದದಲ್ಲಿ ಮೂರು ಗೆರೆ ಎಳೆದು, ಒಂದೊಂದು ಖರ್ಚನ್ನೂ ಎದುರೆದುರು ಬರೆಯಿರಿ. ಯಾವ ಖಾನೆ ಖಾಲಿ ಉಳಿಯುತ್ತದೋ ಅದನ್ನೇ ಹೋಗಿ ಕೇಳಿ.

ಆಂಕರ್ ಅಂದ್ರೆ ಏನು? ಅಷ್ಟು ಚಿಕ್ಕದಕ್ಕೆ ಅಷ್ಟು ದುಡ್ಡು ಯಾಕೆ?

ಕಡಲೆಕಾಯಿ ಬೀಜದಷ್ಟು ಉದ್ದದ ಮೊಳೆ ಅಂದುಕೊಳ್ಳಿ. ಅದರ ತಲೆಯಲ್ಲಿ ಗಟ್ಟಿ ದಾರ ಇರುತ್ತದೆ. ಮೂಳೆಯಲ್ಲಿ ಮೊಳೆ ಕೂರಿಸಿ, ಆ ದಾರದಿಂದ ಹರಿದ ಸ್ನಾಯುವನ್ನು ಮೂಳೆಗೆ ಹೊಲಿಯುತ್ತಾರೆ. ಲೋಹದ್ದಿದೆ, ಪೀಕ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದ್ದಿದೆ, ದೇಹದಲ್ಲೇ ಕರಗುವುದೂ ಇದೆ. ಭಾರತದಲ್ಲೇ ಮಾಡಿದವು ಆಮದಿನವಕ್ಕಿಂತ ಅಗ್ಗ.

ಬೆಲೆ ಯಾಕಷ್ಟು ಅಂದರೆ, ಮಂಡಿಯ ಕೃತಕ ಕೀಲಿಗೆ ಇರುವ ಮಿತಿ ಇದಕ್ಕಿಲ್ಲ. ಹೃದಯದ ಸ್ಟೆಂಟ್‌ಗೆ ಮತ್ತು ಮಂಡಿ ಕೀಲಿಗೆ ಕೇಂದ್ರದ ಬೆಲೆ ಪ್ರಾಧಿಕಾರ 2017ರಲ್ಲಿ ಗರಿಷ್ಠ ಬೆಲೆ ಗೊತ್ತುಮಾಡಿತು. ಭುಜದ ಆಂಕರ್‌ಗೆ, ಭುಜದ ಕೃತಕ ಕೀಲಿಗೆ ಆ ಥರದ ಮಿತಿ ಬರಲಿಲ್ಲ. 2020ರಿಂದ ಎಲ್ಲಾ ವೈದ್ಯಕೀಯ ಸಾಧನಗಳ ಎಂಆರ್‌ಪಿಯನ್ನು ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸುವ ಹಾಗಿಲ್ಲ, ಅಷ್ಟೇ. ಆದರೆ ಶುರುವಿನ ಎಂಆರ್‌ಪಿಯೇ ಮುಗಿಲು ಮುಟ್ಟಿದ್ದರೆ ಶೇ. 10 ಯಾವ ಲೆಕ್ಕ?

ಎಷ್ಟು ಆಂಕರ್ ಬೇಕು ಅನ್ನುವುದು ಒಳಗೆ ಕ್ಯಾಮೆರಾ ಹಾಕಿದ ಮೇಲೆಯೇ ಖಚಿತವಾಗುವುದು. ಆದ್ದರಿಂದ "ಮೂರು ಸಾಕಾ" ಅಂತ ಗಂಟು ಬೀಳಬೇಡಿ. ಕಂಪನಿ ಯಾವುದು, ಒಂದಕ್ಕೆ ಎಷ್ಟು, ಎಂಆರ್‌ಪಿಗೆ ಹಾಕುತ್ತೀರಾ ಕಡಿಮೆಗೆ ಹಾಕುತ್ತೀರಾ, ಇದನ್ನು ಮುಂಚೆಯೇ ಕೇಳಿ ಬರೆಸಿಕೊಳ್ಳಿ.

ರೂಮ್ ದೊಡ್ಡದು ತಗೊಂಡರೆ ಡಾಕ್ಟರ್ ಫೀಸೂ ಏರುತ್ತಂತೆ. ನಿಜಾನಾ?

ಬಹಳ ಕಡೆ ನಿಜ. ಅದೇ ಡಾಕ್ಟರ್, ಅದೇ ಓಟಿ (ಆಪರೇಷನ್ ಥಿಯೇಟರ್), ಅದೇ ಒಂದೂವರೆ ಗಂಟೆ. ಜನರಲ್ ವಾರ್ಡಿನವರಿಗೆ ಒಂದು ಫೀಸು, ಪ್ರೈವೇಟ್ ರೂಮಿನವರಿಗೆ ಇನ್ನೊಂದು. ಇದು ನನಗೆ ಇವತ್ತಿಗೂ ಜೀರ್ಣವಾಗದ ಲೆಕ್ಕ. ಭುಜದ ಆಪರೇಷನ್ನಿಗೆ ಇರುವುದು ಒಂದೆರಡು ರಾತ್ರಿ. ಆ ಎರಡು ರಾತ್ರಿಯ ಟಿವಿಗಾಗಿ ಇಡೀ ಬಿಲ್ಲು ಉಬ್ಬಿಸಿಕೊಳ್ಳಬೇಕಾ ಅಂತ ಯೋಚಿಸಿ. ಐಸಿಯು ಬಿಟ್ಟು ಬೇರೆ ರೂಮಿನ ಬಾಡಿಗೆ ದಿನಕ್ಕೆ 5,000 ದಾಟಿದರೆ ಆ ಬಾಡಿಗೆಯ ಮೇಲೆ ಶೇ. 5 ಜಿಎಸ್‌ಟಿಯೂ ಇದೆ, 2022ರ ಜುಲೈಯಿಂದ.

ಒಬ್ಬರೇ ಡಾಕ್ಟರ್ ಎರಡು ಮೂರು ಆಸ್ಪತ್ರೆಗೆ ಹೋಗ್ತಾರಲ್ಲ, ಅಲ್ಲಿ ಹೇಗೆ ನೋಡೋದು?

ಅವರನ್ನೇ ಕೇಳಿಬಿಡಿ: "ಡಾಕ್ಟ್ರೇ, ನೀವು ಬೇರೆ ಎಲ್ಲಿ ಆಪರೇಷನ್ ಮಾಡ್ತೀರಿ? ನಮಗೆ ಎಲ್ಲಿ ಕಡಿಮೆ ಬೀಳುತ್ತೆ?" ಯಾರೂ ಬೇಜಾರು ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ. ನಮ್ಮ ಪಕ್ಕದ ಮನೆಯವರು ಇದೊಂದೇ ಪ್ರಶ್ನೆಯಿಂದ ಅದೇ ಸರ್ಜನ್ ಹತ್ತಿರ, ರೂಮಿನ ಬಾಡಿಗೆ ಕಡಿಮೆಯಿದ್ದ ಇನ್ನೊಂದು ಆಸ್ಪತ್ರೆಯಲ್ಲಿ ಮಾಡಿಸಿಕೊಂಡರು. ಕ್ಯಾಮೆರಾ, ಉಪಕರಣ ಎರಡೂ ಕಡೆ ಒಂದೇ ಥರ ಇವೆಯಾ ಅನ್ನುವುದನ್ನು ಮಾತ್ರ ಜೊತೆಗೆ ಕೇಳಿ.

ಚೌಕಾಸಿ ಮಾಡಬಹುದಾ?

ಮಾಡಬಹುದು. ಸಂತೆಯ ಥರ ಅಲ್ಲ. ಬಿಲ್ಲಿಂಗ್ ಮ್ಯಾನೇಜರ್ ಹತ್ತಿರ, ಅಡ್ವಾನ್ಸ್ ಕಟ್ಟುವ ಮುಂಚೆ, ಇನ್ನೊಂದು ಕಡೆಯ ಎಸ್ಟಿಮೇಟ್ ತೋರಿಸಿ. ಅಡ್ಮಿಟ್ ಆದ ಮೇಲೆ ಕೇಳಿದರೆ ನಗುತ್ತಾರೆ.

## ಸರ್ಕಾರದ ಯೋಜನೆಗಳು

ಬಿಪಿಎಲ್ ಕಾರ್ಡ್ ಇದೆ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಫ್ರೀಯಾಗಿ ಮಾಡಿಸಬಹುದಾ?

ನೇರವಾಗಿ ಹೋದರೆ ಹೆಚ್ಚಾಗಿ ವಾಪಸ್ ಕಳಿಸುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ರೆಫರಲ್ ಪತ್ರ ಕೊಡುತ್ತಾರೆ. ಆಗ ಯೋಜನೆಯಲ್ಲಿ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಅಪಘಾತದಂಥ ತುರ್ತಿನಲ್ಲಿ ರೆಫರಲ್ ಬೇಡ.

ಎಪಿಎಲ್‌ನವರಿಗೆ ಏನೂ ಇಲ್ಲ ಅಂದುಕೊಂಡವರೇ ಜಾಸ್ತಿ. ಇದೆ. ಪ್ಯಾಕೇಜ್ ದರದ ಶೇ. 30 ಸರ್ಕಾರ ಕೊಡುತ್ತದೆ, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ. ಉಳಿದ ಶೇ. 70 ನಿಮ್ಮದು, ಅದೂ ಯೋಜನೆಯ ದರದಲ್ಲಿ. ಆ ದರ ಖಾಸಗಿ ದರಕ್ಕಿಂತ ಎಷ್ಟೋ ಕಡಿಮೆ. ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅನ್ನುವವರು ಕೂತಿರುತ್ತಾರೆ. ನಿಮ್ಮ ಆಪರೇಷನ್ನಿನ ಹೆಸರು ಪಟ್ಟಿಯಲ್ಲಿ ಯಾವ ಹೆಸರಿನಿಂದ ಇದೆ, ಆಂಕರ್ ಖರ್ಚು ಅದರೊಳಗೇ ಬರುತ್ತದಾ ಅಂತ ಅವರ ಹತ್ತಿರ ಕೇಳಿ.

ಯಶಸ್ವಿನಿ, ಇಎಸ್‌ಐ ಇದ್ದವರು?

ಯಶಸ್ವಿನಿ ಸಹಕಾರ ಸಂಘದ ಸದಸ್ಯರಿಗೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ನೋಂದಣಿ ವರ್ಷದ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ನೋವು ಬಂದ ಮೇಲೆ ಸೊಸೈಟಿಗೆ ಓಡಿದರೆ ಪ್ರಯೋಜನವಿಲ್ಲ.

ಇಎಸ್‌ಐ ತಿಂಗಳಿಗೆ 21,000ದೊಳಗೆ ಸಂಬಳ ಇರುವ ಕಾರ್ಖಾನೆ, ಅಂಗಡಿ ನೌಕರರಿಗೆ. ಬೆಂಗಳೂರಿನಲ್ಲಿ ರಾಜಾಜಿನಗರದಲ್ಲಿ, ಪೀಣ್ಯದಲ್ಲಿ ಆಸ್ಪತ್ರೆಗಳಿವೆ. ಇದರಲ್ಲಿ ಜನ ಮರೆಯುವ ಒಂದು ಲಾಭ ಇದೆ: ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಶೇ. 70, ವರ್ಷಕ್ಕೆ 91 ದಿನದವರೆಗೆ. ಆರು ವಾರ ಕೈ ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿರುವ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಆಪರೇಷನ್ ಖರ್ಚಿಗಿಂತ ಇದೇ ದೊಡ್ಡದು.

ಸರ್ಕಾರಿ ಆಸ್ಪತ್ರೆಯಲ್ಲಿ ಕೀಹೋಲ್ ಎಲ್ಲಾ ಮಾಡ್ತಾರಾ?

ಮಾಡುವ ಕಡೆ ಚೆನ್ನಾಗಿಯೇ ಮಾಡುತ್ತಾರೆ. ಬೆಂಗಳೂರಿನ ಜಯನಗರ ಪಕ್ಕದ ಬೈರಸಂದ್ರದಲ್ಲಿ ಸಂಜಯ್ ಗಾಂಧಿ ಸಂಸ್ಥೆ ಮೂಳೆ ಮತ್ತು ಅಪಘಾತ ಚಿಕಿತ್ಸೆಗೆ ಅಂತಲೇ ಇದೆ. ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಮಂಗಳೂರಿನ ವೆನ್ಲಾಕ್ ಇವೆಲ್ಲಾ ಮೆಡಿಕಲ್ ಕಾಲೇಜಿಗೆ ಸೇರಿದವು, ಮೂಳೆ ವಿಭಾಗ ದೊಡ್ಡದು. ತಾಲ್ಲೂಕು ಆಸ್ಪತ್ರೆಯಲ್ಲಿ ಭುಜದ ಕೀಹೋಲ್ ನಿರೀಕ್ಷಿಸಬೇಡಿ. ಇಲ್ಲಿ ಖರ್ಚಾಗುವುದು ದುಡ್ಡಿಗಿಂತ ದಿನ. ಚೀಟಿಗೆ ಒಂದು ದಿನ, ಪರೀಕ್ಷೆಗೆ ಇನ್ನೊಂದು, ಓಟಿ ಸರದಿಗೆ ವಾರಗಟ್ಟಲೆ. ಜೊತೆಗಿರುವವರ ಕೂಲಿ ಹೋಗುತ್ತಿದ್ದರೆ ಅದನ್ನೂ ಎಸ್ಟಿಮೇಟಿಗೆ ಸೇರಿಸಿ.

## ಇನ್ಶೂರೆನ್ಸ್

ನಮ್ಮದು 3 ಲಕ್ಷದ ಪಾಲಿಸಿ. ಕೈಯಿಂದ ಏನೂ ಹಾಕಬೇಕಾಗಿಲ್ಲ ಅಲ್ವಾ?

ಪಾಲಿಸಿ ಹಾಳೆಯಲ್ಲಿ "ರೂಮ್ ಬಾಡಿಗೆ ಶೇ. 1" ಅಂತ ಇದೆಯಾ ನೋಡಿ. ಇದ್ದರೆ 3 ಲಕ್ಷಕ್ಕೆ ದಿನಕ್ಕೆ 3,000. ನೀವು 6,000ದ ರೂಮಿಗೆ ಹೋದಿರಿ ಅನ್ನಿ. ಎರಡು ದಿನದ ವ್ಯತ್ಯಾಸ 6,000 ತಾನೇ, ಕೊಟ್ಟರಾಯಿತು ಅಂದುಕೊಳ್ಳುತ್ತೀರಿ. ಹಾಗಲ್ಲ. ಅರ್ಧ ಬಾಡಿಗೆಗೆ ಮಾತ್ರ ಅರ್ಹರು ಅಂತ ಸರ್ಜನ್ ಫೀಸು, ಓಟಿ, ನರ್ಸಿಂಗ್ ಕೂಡ ಅರ್ಧ ಕಡಿಯುತ್ತಾರೆ. ಅವು 1,20,000 ಆಗಿದ್ದರೆ 60,000 ನಿಮ್ಮ ತಲೆಗೆ. ಸಮಾಧಾನ ಏನೆಂದರೆ ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ಖರ್ಚಿನಲ್ಲಿ ಈ ಥರ ಕಡಿಯುವ ಹಾಗಿಲ್ಲ ಅಂತ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ ಇದೆ. ಆಂಕರ್ ದುಡ್ಡಿನಲ್ಲೂ ಅರ್ಧ ಕಡಿದಿದ್ದರೆ ಬರೆದು ಕೇಳಿ.

ಗ್ಲೌಸು, ಮಾಸ್ಕು, ಅಡ್ಮಿಷನ್ ಫೀಸು ಇವೆಲ್ಲಾ ಹಲವು ಪಾಲಿಸಿಗಳಲ್ಲಿ ಹೊರಗೆ. ಹೊಸ ಪಾಲಿಸಿಯಾದರೆ ಕಾಯುವ ಅವಧಿ ನೋಡಿ. ಮೊದಲೇ ಇದ್ದ ಕಾಯಿಲೆಗೆ ಅದು 36 ತಿಂಗಳು ಮೀರುವ ಹಾಗಿಲ್ಲ. ಅಪಘಾತಕ್ಕೆ ಶುರುವಿನ 30 ದಿನದ ಕಾಯುವಿಕೆ ಇಲ್ಲ.

ಕ್ಯಾಶ್‌ಲೆಸ್ ಅಂದ ಕೂಡಲೇ ರೇಟ್ ಏರಿಸ್ತಾರೆ ಅಂತಾರೆ?

ಕೆಲವು ಕಡೆ ಹೌದು, ಕೆಲವು ಕಡೆ ಉಲ್ಟಾ: ವಿಮಾ ಕಂಪನಿಯ ಜೊತೆ ಒಪ್ಪಂದದ ದರ ಇದ್ದು ನಗದಿಗಿಂತ ಕಡಿಮೆ ಇರುತ್ತದೆ. ಎರಡೂ ದರ ಕೇಳಿ. ಆಪರೇಷನ್‌ಗೆ ಎರಡು ಮೂರು ದಿನ ಮುಂಚೆಯೇ ಅರ್ಜಿ ಹಾಕಿಸಿ. ಕ್ಯಾಶ್‌ಲೆಸ್ ಅರ್ಜಿಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜಿನ ಒಪ್ಪಿಗೆಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು ಅಂತ 2024ರ ನಿಯಮ. ಆ ಮೂರು ಗಂಟೆ ದಾಟಿ ಆಸ್ಪತ್ರೆ ಜಾಸ್ತಿ ಬಾಡಿಗೆ ಹಾಕಿದರೆ ಅದು ವಿಮಾ ಕಂಪನಿಯ ಹೊಣೆ, ನಿಮ್ಮದಲ್ಲ.

## ಸ್ವಲ್ಪ ಆಳದವು

ಎಸ್ಟಿಮೇಟ್‌ನಲ್ಲಿ ಇಲ್ಲದ ಖರ್ಚು ಯಾವುದು?

ಫಿಸಿಯೋಥೆರಪಿ! ಕಫ್ ರಿಪೇರಿ ಆದ ಮೇಲೆ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿ. ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ಅಮ್ಮನಿಗೆ 12 ವಾರ, ವಾರಕ್ಕೆ ಮೂರು ಸಲ, ಒಂದು ಸಲಕ್ಕೆ 500. ಅಂದರೆ 18,000. ಹೋಗಿ ಬರುವ ಆಟೋ 200ರಂತೆ 7,200. ಒಟ್ಟು 25,200. ಇದು ಮೂರು ಹಾಳೆಯಲ್ಲಿ ಒಂದರಲ್ಲೂ ಇರಲಿಲ್ಲ. ಕೊನೆಯ ನಾಲ್ಕು ವಾರ ಹೋಗಿದ್ದು ಬರೀ ಅದೇ ವ್ಯಾಯಾಮ ನೋಡಿಸಿಕೊಳ್ಳಲು ಅಂತ ಈಗ ಅನ್ನಿಸುತ್ತದೆ. ಬಾಗಿಲಿಗೆ ಒಂದು ಸಣ್ಣ ರಾಟೆ, ಹಗ್ಗ ಕಟ್ಟಿ ಮನೆಯಲ್ಲೇ ಎಳೆಯಬಹುದಿತ್ತು. ವಾರಕ್ಕೊಮ್ಮೆ ಹೋದರೆ ಸಾಕಾ ಅಂತ ಫಿಸಿಯೋ ಹತ್ತಿರವೇ ಕೇಳಿ. ಆಸ್ಪತ್ರೆ ದೂರದ್ದಾದರೂ ಫಿಸಿಯೋ ಮನೆ ಹತ್ತಿರದವರಾಗಲಿ.

ಇನ್ನು ಅಡುಗೆಗೆ ಒಬ್ಬರು ಬೇಕು, ಸೀರೆ ಉಡಿಸಲು ಒಬ್ಬರು ಬೇಕು. ನಮ್ಮ ಅತ್ತಿಗೆ ಹಾಸನದಿಂದ ಬಂದು ಒಂದು ತಿಂಗಳು ಇದ್ದರು. ಅದಕ್ಕೆ ಬೆಲೆ ಕಟ್ಟಲು ನನಗೆ ಧೈರ್ಯ ಇಲ್ಲ.

ಕಡಿಮೆ ದುಡ್ಡು ಅಂದ್ರೆ ಕಡಿಮೆ ಗುಣಮಟ್ಟ ಅಲ್ವಾ?

ದುಡ್ಡಿನಿಂದ ಇದು ಗೊತ್ತಾಗುವುದಿಲ್ಲ. ಮಾರ್ಬಲ್ ನೆಲಕ್ಕೂ ಹೊಲಿಗೆಗೂ ಸಂಬಂಧ ಇಲ್ಲ. ಸರ್ಜನ್ ಭುಜದ ಆಪರೇಷನ್ನನ್ನೇ ಹೆಚ್ಚಾಗಿ ಮಾಡುವವರಾ, ತಿಂಗಳಿಗೆ ಎಷ್ಟು ಮಾಡುತ್ತಾರೆ, ನಿಮ್ಮದನ್ನು ಅವರೇ ಮಾಡುತ್ತಾರಾ ಅಥವಾ ಕಲಿಯುವವರು ಮಾಡುತ್ತಾರಾ, ಇದನ್ನು ಕೇಳಿ. ಮೆಡಿಕಲ್ ಕಾಲೇಜಿನಲ್ಲಿ ಮೂರನೇ ಪ್ರಶ್ನೆ ಮುಖ್ಯ. ನಾನು ಕೇಳಿದ್ದಕ್ಕೆ ಪ್ರೊಫೆಸರ್ ನಕ್ಕು "ನಾನೇ ಮಾಡ್ತೀನಮ್ಮ, ಅವರು ಪಕ್ಕದಲ್ಲಿ ನಿಂತಿರ್ತಾರೆ" ಅಂದರು.

ಅಪ್ಪನಿಗೆ 74. ಬಿದ್ದು ಭುಜದ ಮೂಳೆ ಮುರಿದಿದೆ. ಒಬ್ಬರು ಪ್ಲೇಟ್, ಇನ್ನೊಬ್ಬರು ಕೀಲು ಬದಲಾವಣೆ, ಮತ್ತೊಬ್ಬರು ಜೋಳಿಗೆ ಸಾಕು ಅಂತಾರೆ. ಹೇಗೆ ಹೋಲಿಸೋದು?

ಇಲ್ಲಿ ದರ ಹೋಲಿಸುವ ಮುಂಚೆ ಸಲಹೆ ಹೋಲಿಸಬೇಕು. ಜೋಳಿಗೆ ಅಂದವರು ಹಳೆಯ ಕಾಲದವರು ಅಂತ ತಳ್ಳಿಹಾಕಬೇಡಿ. ತೋಳಿನ ಮೂಳೆಯ ಮೇಲ್ತುದಿ ಮುರಿದು ಸರಿದವರ ಮೇಲೆ ಬ್ರಿಟನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2015ರಲ್ಲಿ ಹೊರಬಂತು. ಎರಡು ವರ್ಷದ ನಂತರ ಆಪರೇಷನ್ ಆದವರಿಗೂ ಆಗದವರಿಗೂ ಕೈಯ ಬಳಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಎಲ್ಲಾ ಮುರಿತವೂ ಒಂದೇ ಅಲ್ಲ. ಕೀಲಿನ ಗುಂಡೇ ಒಡೆದಿದ್ದರೆ, ಮುರಿತದ ಜೊತೆ ಕೀಲೂ ಜಾರಿದ್ದರೆ ಮಾತು ಬೇರೆ. ಸಿಟಿ ಸ್ಕ್ಯಾನ್ ಹಿಡಿದು, ಆಪರೇಷನ್ ಮಾಡದ ಡಾಕ್ಟರೊಬ್ಬರ ಅಭಿಪ್ರಾಯ ತಗೊಳ್ಳಿ. ಅವರಿಗೆ ಕೊಡುವ 800 ರೂಪಾಯಿ ಇಡೀ ಲೆಕ್ಕದಲ್ಲಿ ಲಾಭದ ಬಾಬ್ತು. ಆದರೆ ಬೇಗ ತಗೊಳ್ಳಿ. ವಾರಗಳು ಕಳೆದಷ್ಟೂ ಪ್ಲೇಟು ಹಾಕುವುದು ಕಷ್ಟ.

ಫೈನಲ್ ಬಿಲ್ ಎಸ್ಟಿಮೇಟ್‌ಗಿಂತ ಜಾಸ್ತಿ ಬಂದಿದೆ. ಏನು ನೋಡಲಿ?

ಮೊದಲು ಸ್ಟಿಕರ್. ಒಂದೊಂದು ಆಂಕರಿನ ಡಬ್ಬಿಯಲ್ಲೂ ಕಂಪನಿ ಹೆಸರು, ಅಳತೆ, ಲಾಟ್ ನಂಬರ್ ಇರುವ ಸಣ್ಣ ಸ್ಟಿಕರ್ ಇರುತ್ತದೆ. ಆಪರೇಷನ್ ಆದ ಮೇಲೆ ಅದನ್ನು ಕೇಸ್ ಶೀಟಿನಲ್ಲಿ ಅಂಟಿಸುತ್ತಾರೆ. ಅಮ್ಮನ ಬಿಲ್ಲಿನಲ್ಲಿ ನಾಲ್ಕು ಆಂಕರ್ ಇತ್ತು. ಕೇಸ್ ಶೀಟ್ ತೋರಿಸಿ ಅಂದೆ. ಓಟಿ ನೋಟ್ಸಿನ ಹಾಳೆಯಲ್ಲಿ ಸಾಲಾಗಿ ಮೂರು ಸ್ಟಿಕರ್, ಅದರ ಪಕ್ಕ ಒಂದು ಖಾಲಿ ಜಾಗ. ನರ್ಸು, ಬಿಲ್ಲಿಂಗಿನವರು, ಸ್ಟೋರಿನವರು ಮೂರು ಜನ ಸೇರಿದರು. ನಾಲ್ಕು ತರಿಸಿ ಒಂದನ್ನು ವಾಪಸ್ ಕಳಿಸಿದ್ದರು, ಬಿಲ್ಲಿನಲ್ಲಿ ತೆಗೆದಿರಲಿಲ್ಲ. 18,000 ಕಡಿಮೆಯಾಯಿತು. ಬೇಕಂತ ಮಾಡಿದ್ದು ಅಂತ ನಾನು ಹೇಳುವುದಿಲ್ಲ. ನೋಡದಿದ್ದರೆ ಹೋಗಿರುತ್ತಿತ್ತು, ಅಷ್ಟೇ.

ಆಮೇಲೆ ಔಷಧಿ ವಾಪಸ್. ವಾರ್ಡಿಗೆ ತರಿಸಿ ಬಳಸದ ಇಂಜೆಕ್ಷನ್, ಗ್ಲೂಕೋಸ್ ಬಾಟಲಿ ಫಾರ್ಮಸಿಗೆ ಹಿಂದಿರುಗಿಸಿ ಬಿಲ್ಲಿನಲ್ಲಿ ಕಳೆದಿದ್ದಾರಾ ನೋಡಿ. ಡಿಸ್ಚಾರ್ಜ್ ಆದ ದಿನದ ರೂಮ್ ಬಾಡಿಗೆ ಹಾಕಿದ್ದಾರಾ, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಒಂದು ದಿನ ಅಂತ ಲೆಕ್ಕ, ಕೇಳಿ.

ಕೇಳಿದರೂ ಸರಿ ಮಾಡಲಿಲ್ಲ. ದೂರು ಎಲ್ಲಿ ಕೊಡೋದು?

ಮೊದಲು ಆಸ್ಪತ್ರೆಗೇ ಬರೆದು ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮುಂದೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ನೀವು ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಅಲ್ಲಿ ಅರ್ಜಿ ಶುಲ್ಕ ಇಲ್ಲ. ಜಗಳ ವಿಮಾ ಕಂಪನಿಯ ಜೊತೆಗಾದರೆ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ವಿಚಾರಿಸುವವರು), ಬೆಂಗಳೂರಿನಲ್ಲೇ ಕಚೇರಿ ಇದೆ. ಅದಕ್ಕೂ ಮುಂಚೆ ಕಂಪನಿಗೆ ಬರೆದು ಒಂದು ತಿಂಗಳು ಕಾದಿರಬೇಕು.

ನಾನು ಅಮೆರಿಕದಲ್ಲಿದ್ದೇನೆ. ಊರಿಗೆ ಬಂದು ಮಾಡಿಸಿಕೊಂಡು ಹೋದರೆ ಅಗ್ಗ ಅಲ್ವಾ?

ಆಪರೇಷನ್ ಅಗ್ಗವೇ. ಆದರೆ ಎರಡು ವಾರದ ರಜೆಗೆ ಇದು ಹೊಂದುವುದಿಲ್ಲ. ಹೊಲಿಗೆ ಬಿಚ್ಚಿ, ಜೋಳಿಗೆ ಕಳಚಿ, ವ್ಯಾಯಾಮ ಶುರುವಾಗುವವರೆಗೆ ಎಂಟು ವಾರವಾದರೂ ಇಲ್ಲಿರಬೇಕು. ಅಲ್ಲಿ ಹೋಗಿ ಫಿಸಿಯೋಗೆ ಕೊಡುವ ಡಾಲರನ್ನೂ ಕೂಡಿಸಿ ನೋಡಿ. ಬಂದು ಮಾಡಿಸುವುದೇ ಆದರೆ ಓಟಿ ನೋಟ್ಸು, ಎಂಆರ್‌ಐ ಸಿಡಿ ಜೊತೆಗೆ ಆ ಸ್ಟಿಕರ್‌ಗಳ ಫೋಟೊ ಮರೆಯದೆ ತಗೊಂಡು ಹೋಗಿ. ಮುಂದೆ ಅಲ್ಲಿ ಯಾವ ಎಂಆರ್‌ಐಗೆ ಹೋದರೂ ದೇಹದೊಳಗೆ ಏನಿದೆ, ಲೋಹವಾ ಪ್ಲಾಸ್ಟಿಕ್ಕಾ ಅಂತ ಮೊದಲು ಕೇಳುತ್ತಾರೆ.